ಜಾಜಿ ಕಡ್ಡಿಯ ಡ್ರಮ್ಮು

ಮಾರೇನಹಳ್ಳಿ, ಬೆಂಗಳೂರು
14 ಮಾರ್ಚ್ 2007

ಮಗಳೇ ಚೇತನಾ,

ಅಪ್ಪನ ಆಶೀರ್ವಾದ. ನೀನು, ಅಳಿಯಂದಿರು, ಪುಟ್ಟಿ ಎಲ್ಲರೂ ಆರೋಗ್ಯವೆಂದು ನಂಬಿದ್ದೇನೆ. ನಿನ್ನ ಅಮ್ಮ ಹೋಗಿ ಏಳು ತಿಂಗಳಾಯಿತು. ಇಷ್ಟು ದಿನ ಒಂದು ಸಾಲೂ ಬರೆಯದೆ ಇದ್ದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ಊಟ ಆಯಿತಾ ಎಂದು ಕೇಳುತ್ತೀಯೆ, ನಾನು ಆಯಿತು ಅನ್ನುತ್ತೇನೆ, ಅಲ್ಲಿಗೆ ಮಾತು ನಿಲ್ಲುತ್ತದೆ.

ಹೋದ ವಾರ ಅಳಿಯಂದಿರು ಫೋನ್ ಮಾಡಿದ್ದರು. ನೀನು ಹೂ ಮುಡಿಯುವುದನ್ನೇ ಬಿಟ್ಟಿದ್ದೀಯಂತೆ. ಫೋನ್ ಸದ್ದಾದರೆ ಬೆಚ್ಚುತ್ತೀಯಂತೆ. “ನಾನು ಅವತ್ತು ಫೋನ್ ಮಾಡ್ದೆ ಇದ್ದಿದ್ರೆ ಅಮ್ಮ ಇರ್ತಿದ್ರು” ಎಂದು ಪುಟ್ಟಿಯ ಎದುರಿಗೇ ಅನ್ನುತ್ತೀಯಂತೆ. ಅದನ್ನು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಕಾರ್ ಶೆಡ್ಡಿಗಾಗಿ ಕಾಂಪೌಂಡಿನ ಜಾಜಿಬಳ್ಳಿ ತೆಗೆಸುತ್ತೇನೆಂದು ಓನರ್ ನಾರಾಯಣಪ್ಪನವರು ಹೇಳಿದ್ದು ಜೂನ್ ತಿಂಗಳಲ್ಲಿ. ನಿನ್ನ ಜಡೆಗೆ ಹೂ ಕೊಟ್ಟ ಬಳ್ಳಿ. ಹಿರಿಯೂರಿನ ನಿನ್ನ ಮನೆಯ ಮುಂದೆ ಅದರದೇ ಒಂದು ಗಿಡ ಬೇಕೆಂದು ನೀನು ಕೇಳಿದ್ದೆ. ನಿನ್ನ ಅಮ್ಮ ಎರಡು ಸಲ ಕುಂಡದಲ್ಲಿ ಕಡ್ಡಿ ನೆಟ್ಟಳು. ಮಳೆಗೆ ಎರಡು ಸಲವೂ ಕೊಳೆತವು. ಆಗ ನನ್ನ ರಿವೈಂಡಿಂಗ್ ಅಂಗಡಿಗೆ ಮೋಟಾರು ತಂದಿದ್ದ ಒಬ್ಬ ಗಿರಾಕಿ, ಮಣ್ಣೇ ಬೇಡ, ಕಡ್ಡಿಯ ಬುಡವನ್ನು ಗಾಳಿಯಲ್ಲಿ ತೂಗುಬಿಟ್ಟು ಮಂಜಿನ ಹಾಗೆ ನೀರು ಸಿಡಿಸಿದರೆ ಬೇಗ ಬೇರು ಬರುತ್ತದೆ ಎಂದ. ನನಗೆ ಹುಚ್ಚು ಹಿಡಿಯಿತು.

ಮಹಡಿಯ ಮೇಲೆ ನೀಲಿ ಡ್ರಮ್ಮು ಇಟ್ಟೆ. ಮುಚ್ಚಳಕ್ಕೆ ಹದಿನೆಂಟು ತೂತು ಕೊರೆದು, ಸ್ಪಂಜಿನ ತುಂಡಿನಲ್ಲಿ ಒಂದೊಂದು ಕಡ್ಡಿ ಸಿಕ್ಕಿಸಿದೆ. ತಳದಲ್ಲಿ ನೀರು, ನೀರಿನೊಳಗೆ ನಾನೇ ತಂತಿ ಸುತ್ತಿ ರಿಪೇರಿ ಮಾಡಿದ ಹಳೇ ಕೂಲರ್ ಪಂಪು, ಅದರಿಂದ ಮೇಲಕ್ಕೆ ಪೈಪು, ಸಣ್ಣ ಸಣ್ಣ ನಾಜಲ್. ಐದು ನಿಮಿಷಕ್ಕೊಮ್ಮೆ ಪಂಪು ತಾನೇ ಓಡುವಂತೆ ಟೈಮರ್ ಕೂರಿಸಿದೆ. ನಿನ್ನ ಅಮ್ಮ ಮೊದಲು ನಕ್ಕಳು, ಆಮೇಲೆ ನನಗಿಂತ ಹೆಚ್ಚು ಅವಳೇ ಅದರ ಹಿಂದೆ ಬಿದ್ದಳು. ಕರೆಂಟು ಹೋದರೆ ಸಾಕು, ಇಸ್ತ್ರಿಗೆ ಬಳಸುವ ಬಾಟಲಿ ಹಿಡಿದು ಓಡಿಹೋಗಿ ಕೈಯಿಂದಲೇ ನೀರು ಚಿಮುಕಿಸುವಳು.

ಆ ಭಾನುವಾರ ಕರೆಂಟು ಇರಲಿಲ್ಲ. ನೀನು ಫೋನ್ ಮಾಡಿ ಬೇರು ಬಂತಾ ಎಂದು ಕೇಳಿದೆ. ಬಿಳೀ ಎಳೆಗಳು ಕಾಣಿಸುತ್ತಿವೆ, ಎಷ್ಟಕ್ಕೆ ಬಂದಿವೆ ಎಂದು ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟು ಅವಳು ಮೇಲೆ ಹೋದಳು. ನಾನು ನಡುಮನೆಯಲ್ಲಿ ಶೇವ್ ಮಾಡಿಕೊಳ್ಳುತ್ತಿದ್ದೆ. ಒಂದು ಕಡ್ಡಿ ನೀರಿಗೆ ಬಿದ್ದಿತ್ತು ಎಂದು ಕಾಣುತ್ತದೆ, ಎತ್ತಲು ಕೈ ಹಾಕಿದ್ದಾಳೆ. ತಲೆಯ ಮೇಲೆ ಫ್ಯಾನು ತಿರುಗತೊಡಗಿತು. ಕರೆಂಟು ಬಂತಲ್ಲ ಎಂದು ನನಗೆ ಖುಷಿಯಾಯಿತು, ಚೇತನಾ. ಅಷ್ಟರಲ್ಲೇ ಮೇಲೆ ಏನೋ ಬಿದ್ದ ಸದ್ದಾಯಿತು.

ಮೇಲೆ ಓಡಿಹೋಗಿ ಪ್ಲಗ್ ಕಿತ್ತು ಅವಳನ್ನು ಎತ್ತಿಕೊಂಡೆ. ಪಕ್ಕದ ಮನೆಯ ಮರೆಪ್ಪ ಆಟೋ ತಂದ. ಆಸ್ಪತ್ರೆಯಲ್ಲಿ ಡಾಕ್ಟರು ಕೈ ಹಿಡಿದು ನೋಡಿ, ನನ್ನ ಮುಖ ನೋಡದೆ, “ಜೀವ ಹೋಗಿ ಹೊತ್ತಾಗಿದೆ ಸಾರ್” ಎಂದರು. ನನ್ನ ಅರ್ಧ ಮುಖದಲ್ಲಿ ಇನ್ನೂ ಸೋಪಿನ ನೊರೆಯಿತ್ತು. ಮರೆಪ್ಪ ತನ್ನ ಟವೆಲಿನಲ್ಲಿ ಒರೆಸಿದ.

ಕಡ್ಡಿಗಳ ವಿಷಯ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹದಿನೆಂಟರಲ್ಲಿ ಹನ್ನೊಂದು ಕಡ್ಡಿಗೆ ಬೇರು ಬಂದಿತ್ತು. ನೀವೆಲ್ಲ ಊರಿಗೆ ಹೋದ ಮೇಲೆ ಹತ್ತಿ ನೋಡಿದೆ, ಅಷ್ಟೂ ಒಣಗಿ ನೂಲಿನಂತಾಗಿದ್ದವು. ನಾರಾಯಣಪ್ಪನವರು ಬಳ್ಳಿಯನ್ನು ಹಾಗೇ ಬಿಡುತ್ತೇನೆ, ಶೆಡ್ಡು ಬೇಡ ಅಂದರು. ನಾನೇ ಕಡಿಸಿ ಎಂದೆ. ಈಗ ಅಲ್ಲಿ ಅವರ ಕಾರು ನಿಲ್ಲುತ್ತದೆ. ಅಂಗಡಿಯನ್ನೂ ಮುಚ್ಚಿದೆ.

ನೀನು ಹೂ ಮುಡಿಯಬೇಕು. ಪುಟ್ಟಿಗೂ ಮುಡಿಸಬೇಕು. ಅಳಿಯಂದಿರಿಗೆ ನಮಸ್ಕಾರ ಹೇಳು. ನಿಮ್ಮ ಸಂಸಾರ ನೂರು ಕಾಲ ತಣ್ಣಗಿರಲಿ.

ನಿನ್ನ ಅಪ್ಪ,
ತಮ್ಮಣ್ಣ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಇಷ್ಟು ಬರೆದು ಎರಡು ದಿನ ಕಾಗದ ಮಡಚಿಟ್ಟಿದ್ದೆ. ಆ ಭಾನುವಾರಕ್ಕೆ ಎರಡು ದಿನ ಮೊದಲು ನಿನ್ನ ಅಮ್ಮ, “ರೀ, ಆ ನೀರು ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ” ಎಂದಳು. “ವಯಸ್ಸಾಯ್ತಲ್ವೇನೇ, ಹಂಗೇ ಅನ್ಸುತ್ತೆ” ಎಂದು ಪೇಪರ್ ಓದುತ್ತಾ ಕೂತೆ. ಟೆಸ್ಟರ್ ನನ್ನ ಶರ್ಟಿನ ಜೇಬಿನಲ್ಲೇ ಇತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಅನ್ನು ಆ ಪಂಪಿಗೆ ನಾನು ಕೊಟ್ಟಿರಲಿಲ್ಲ. ಮೂವತ್ತು ವರ್ಷ ಊರವರಿಗೆಲ್ಲ ಅದನ್ನು ಹೇಳಿಕೊಟ್ಟವನು ನಾನು. ಹನ್ನೊಂದನೇ ದಿನ ನಿನ್ನ ಸೋದರತ್ತೆ ಎಲ್ಲರ ಮುಂದೆ, “ಇವ್ಳು ಫೋನ್ ಮಾಡಿ ಅವಸರ ಮಾಡ್ದೆ ಇದ್ದಿದ್ರೆ” ಎಂದಾಗ ನೀನು ನನ್ನ ಕಡೆ ತಿರುಗಿ ನೋಡಿದೆ. ನಾನು ತಲೆ ತಗ್ಗಿಸಿದೆ. ದುಃಖಕ್ಕೆ ತಗ್ಗಿಸಿದೆನೆಂದು ನೀನು ಅಂದುಕೊಂಡೆ, ನಾನು ಹಾಗೇ ಅಂದುಕೊಳ್ಳಲು ಬಿಟ್ಟೆ.