ತೋಟಕ್ಕೆ ಮೂರನೆಯ ಭಾಗ

ಶೆಟ್ಟಿಕೆರೆ
೨೦-೧-೧೯೭೯

ಮಗಳು ಗುರುಶಾಂತಳಿಗೆ ಅಪ್ಪನ ಆಶೀರ್ವಾದ.

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀಯ. ಬೆರಳು ನೋಯುತ್ತಿದೆ, ನಿಮ್ಮಮ್ಮ ನೋಡಿ ನಗುತ್ತಿದ್ದಾಳೆ. ನಿನ್ನ ಕೆಮ್ಮು ಹೋಯಿತೇ? ಅಳಿಯಂದಿರು ಹೇಗಿದ್ದಾರೆ? ಮೈಸೂರಿನ ಚಳಿಯಲ್ಲಿ ಬೆಳಿಗ್ಗೆಯೇ ತಣ್ಣೀರು ಮುಟ್ಟಬೇಡ.

ನಾನು ಕಟ್ಟಿದ ತೋಟ ಭಾಗ ಮಾಡುತ್ತಿದ್ದೇನೆ, ನಿನಗೂ ಒಂದು ಭಾಗ ಎಂದು ಬರೆಸಿದರೆ, 'ಬೇಡ, ಅಣ್ಣಂದಿರಿಗೇ ಇರಲಿ' ಎಂದು ಒಂದೇ ಸಾಲು ಬರೆದು, ಕಾಲೇಜಿನಲ್ಲಿ ನೀನು ಪಾಠ ಮಾಡುವ ನ್ಯಾಯದ ವಿಚಾರ ನಾಲ್ಕು ಪುಟ ತುಂಬಿಸಿದ್ದೀಯ. ಅವರವರ ಕೆಲಸ ಅವರವರು ಮಾಡಿಕೊಂಡಿರುವುದೇ ನ್ಯಾಯ ಎಂದು ಹಿಂದೆ ಗ್ರೀಕರವನೊಬ್ಬ ಅಂದನಂತೆ. ಆಮೇಲಿನವರು ದೇವರ ಆಜ್ಞೆ ಎಂದರಂತೆ, ಅವರ ನಂತರದವರು ಜನ ಕೂಡಿ ಒಪ್ಪಿಕೊಂಡದ್ದು ಎಂದರಂತೆ. ಇದೆಲ್ಲ ನಮ್ಮೂರ ಕಟ್ಟೆಯ ಮೇಲೇ ಆಗಿಹೋಗಿದೆ ಕಣಮ್ಮ. ನಮ್ಮ ತಾತನ ಕಾಲದಲ್ಲಿ ಕೂರುವವರು ಕಟ್ಟೆಯ ಮೇಲೆ ಕೂರುತ್ತಿದ್ದರು, ತಳವಾರ ಹುಚ್ಚಣ್ಣ ಬಿಸಿಲಲ್ಲಿ ನಿಲ್ಲುತ್ತಿದ್ದ. ಅದೇ ನ್ಯಾಯ. ನಮ್ಮಪ್ಪನ ಕಾಲಕ್ಕೆ ಗುಡಿಯಲ್ಲಿ ದೀಪ ಆರಿಸಿ ಆಣೆ ಮಾಡಿದರೆ ಜಗಳ ಮುಗಿಯುತ್ತಿತ್ತು. ಆಮೇಲೆ ಕೋರ್ಟು ಬಂತು. ಆಣೆಗೆ ನಡುಗುತ್ತಿದ್ದವರೆಲ್ಲ ಸುಳ್ಳು ಸಾಕ್ಷಿ ಹೇಳಲು ಬಸ್ಸು ಹತ್ತಿದರು.

ಭಾಗ ಮಾಡುವವನಿಗೆ ತನ್ನ ಪಾಲು ಯಾವುದೆಂದು ತಿಳಿದಿರಬಾರದು ಎಂದ ಈಗಿನವನೊಬ್ಬನನ್ನು ಬಹಳ ಹೊಗಳಿದ್ದೀಯ. ನಮ್ಮಲ್ಲಿ ಇನ್ನೇನಿತ್ತು? ಹಿರಿಯ ಭಾಗ ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ನಮ್ಮ ಭಾಗದ ದಿನ ನಮ್ಮಣ್ಣ ಸದಾಶಿವಯ್ಯ ಒಂದೊಂದು ಮರವನ್ನೂ ಮುಟ್ಟಿ ನೋಡಿ ಹಗ್ಗ ಎಳೆದ. ನಾನು ಬಾವಿಯ ಕಡೆಗೆ ಕೈ ತೋರಿದೆ. 'ಒಳ್ಳೇದ್ನೇ ಹಿಡ್ದೆ ಕಣ್ಲಾ' ಎಂದು ಬೆನ್ನಿಗೆ ಗುದ್ದಿದ. ಹೊಟ್ಟೆಯಲ್ಲಿ ಕಿಚ್ಚಿರಲಿಲ್ಲ ಅವನಿಗೆ. ಅಂಥ ದಿನ ಇನ್ನು ಬಾರದು. ಮರದ ನೆರಳಲ್ಲೇ ಕೂತು ಎಳನೀರು ಕುಡಿದೆವು. ಕೆತ್ತಿ ಕೊಟ್ಟವಳು ನಿಮ್ಮ ಸಿದ್ದಗಂಗಮ್ಮತ್ತೆ. ನನ್ನ ಒಡಹುಟ್ಟಿದವಳು, ನನಗಿಂತ ಚಿಕ್ಕವಳು. ನೀನೂ ಆರಿಸು ಎಂದು ಯಾರೂ ಅನ್ನಲಿಲ್ಲ, ಅವಳೂ ಕೇಳಲಿಲ್ಲ. ಆರಿಸುವ ಸಾಲಿನಲ್ಲಿ ಯಾರ್‍ಯಾರು ನಿಲ್ಲಬೇಕೆಂದು ನಿನ್ನ ಪುಸ್ತಕದವನು ಬರೆದಿದ್ದಾನೆಯೇ? ಬರೆದಿದ್ದರೆ, ಅದನ್ನು ಓದಿಸುವ ನೀನೇ ಸಾಲು ಬಿಟ್ಟು ಪಕ್ಕಕ್ಕೆ ನಿಲ್ಲುವುದು ಯಾವ ಸೀಮೆಯ ನ್ಯಾಯ?

ನಿಮ್ಮ ದೊಡ್ಡಣ್ಣ ತೋಂಟದಾರ್ಯ 'ಕೊಟ್ಟ ಹೆಣ್ಣಿಗೆ ಎಂಥಾ ತೋಟ, ಬುಡಪ್ಪ' ಎಂದ. 'ಬಾಯ್ ಮುಚ್ಕೊಂಡು ಹಗ್ಗ ಹಿಡೀಲಾ' ಎಂದೆ. ಚಿಕ್ಕಣ್ಣ ಮರುಳಪ್ಪ ಹಗ್ಗದ ಇನ್ನೊಂದು ತುದಿ ಹಿಡಿದ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಶಿವ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿಮ್ಮಪ್ಪ
ಬಸವರಾಜಪ್ಪ

ಮರೆತಿದ್ದೆ: ತೋಂಟದಾರ್ಯ ಬಾವಿಯ ನೀರು ಹತ್ತದ ದಿಣ್ಣೆಯನ್ನೇ ಮೂರನೆಯ ಭಾಗವೆಂದು ಗೂಟ ಹೊಡೆದಿದ್ದ. ಮೂವರಲ್ಲಿ ಕಿರಿಯವಳು ಗುರುಶಾಂತ, ಮೊದಲು ಆರಿಸುವವಳೂ ಅವಳೇ ಎಂದು ನೆನ್ನೆ ಅವನಿಗೆ ಹೇಳಿದೆ. ಇವತ್ತು ಬೆಳಿಗ್ಗೆ ಗೂಟಗಳನ್ನೆಲ್ಲ ಕಿತ್ತು ಮತ್ತೆ ಅಳೆಯುತ್ತಿದ್ದಾನೆ. ಬೇಡ ಅನ್ನುವುದಿದ್ದರೂ ತೋಟಕ್ಕೆ ಬಂದು, ಮೂರೂ ಭಾಗ ನೋಡಿ, ಅಣ್ಣಂದಿರ ಎದುರಿಗೆ ನಿಂತು ಅನ್ನು. ಯಾವತ್ತು ಬರುತ್ತೀಯೆಂದು ಫೆಬ್ರವರಿ ಹತ್ತರೊಳಗೆ ಉತ್ತರ ಬರಬೇಕು.