ಗೊಂಬೆಯ ಯೂನಿಫಾರ್ಮ್

ಜೂನ್ ೨, ಭಾನುವಾರ

ಈ ಗೊಂಬೆಯ ತಲೆಯನ್ನು ಇಷ್ಟು ದಪ್ಪ ಮಾಡಿದ್ದು ಯಾರು? ನಾನೇ. ಹಳೇ ದಿಂಬಿನ ಹತ್ತಿಯನ್ನೆಲ್ಲ ತುರುಕಿದವಳು ನಾನೇ.

ನಾಳೆ ಮಗಳಿಗೆ ಸ್ಕೂಲಿನ ಮೊದಲ ದಿನ. ಗೊಂಬೆಗೂ ತನ್ನಂಥದೇ ಯೂನಿಫಾರ್ಮ್ ಇಲ್ಲದಿದ್ದರೆ ಮನೆ ಬಿಟ್ಟು ಕದಲುವುದಿಲ್ಲವೆಂದು ಬೆಳಗ್ಗೆಯಿಂದ ಒಂದೇ ಹಟ. ಭುಜ, ಎದೆ ಎಲ್ಲ ಅಳೆದು ನೀಲಿ ಫ್ರಾಕು ಹೊಲಿದು, ಕಾಲರ್ ಕೂಡ ಕೂರಿಸಿದ ಮೇಲೆ ನೋಡಿದರೆ ಅದು ತಲೆಯಿಂದಲೇ ಇಳಿಯುತ್ತಿಲ್ಲ. ಎಳೆದ ಏಟಿಗೆ ಒಂದು ಜಡೆ ಕಿತ್ತು ಕೈಗೆ ಬಂತು. ಮಗಳು ಸೂರು ಹಾರಿಹೋಗುವಂತೆ ಅತ್ತಳು.

ಅತ್ತೆ ಟಿವಿಯಿಂದ ಕಣ್ಣು ತೆಗೆಯದೆ, “ಅಷ್ಟು ಓದಿದ್ದೀಯ, ಬೆನ್ನ ಹತ್ರ ಸೀಳಿ ಟಿಚ್ ಬಟನ್ ಹಾಕೋದು ಹೊಳೀಲಿಲ್ವೇನೇ?” ಎಂದರು. ಮೊದಲೇ ಹೇಳಬಾರದಿತ್ತೇ? ಇವರೋ, “ಒಂದು ಗೊಂಬೆಗೆ ಯಾಕಿಷ್ಟು ತಲೆ ಕೆಡಿಸ್ಕೋತೀಯ, ಮಲಗು” ಎಂದು ತಾವು ಮಲಗಿಬಿಟ್ಟರು. ಪುಣ್ಯವಂತರು.

ಸೀಳಿದೆ, ಬಟನ್ ಹಾಕಿದೆ, ಜಡೆ ಹೊಲಿದೆ. ಆಮೇಲೆ ಚೀಲ ಬೇಕಂತೆ. ಹಳೇ ಜೀನ್ಸಿನ ಜೇಬಿನಿಂದ ಬೆಂಕಿಪೆಟ್ಟಿಗೆಯಷ್ಟು ಚೀಲವೂ ಆಯಿತು. ಸ್ಕೂಲಿನವರು ಮಕ್ಕಳ ಚೀಲದ ಮೇಲೆ ಅಮ್ಮನ ಫೋನ್ ನಂಬರ್ ಬರೆಯಲು ಹೇಳಿದ್ದಾರಲ್ಲ, ಗೊಂಬೆಯದರ ಮೇಲೂ ಬರೆಯಬೇಕಂತೆ. ಹತ್ತು ಅಂಕಿ!

“ಗೊಂಬೆಗೆ ಯಾಕೇ ನಂಬರ್? ಪ್ರಾಣ ತಿನ್ಬೇಡ” ಎಂದು ರೇಗಿದೆ.

“ಅದು ಅತ್ರೆ ಟೀಚರ್ ನಿಂಗೆ ಫೋನ್ ಮಾಡ್ಬೇಕಲ್ವಾಮ್ಮ?”

“ಮಾಡ್ತಾರೆ.”

“ನೀನು ಬರ್ತೀಯಾ?”

ಬರೆದೆ. ಎರಡು ಸಾಲಿನಲ್ಲಿ, ಅಳಿಸಿಹೋಗದ ಪೆನ್ನಿನಲ್ಲಿ. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿ ಅವಳು ಮಲಗಿದಳು. ನನಗೆ ನಿದ್ದೆಯಿಲ್ಲ. ಫೋನ್ ಚಾರ್ಜಿಗೆ ಹಾಕಿದ್ದೇನಾ ಎಂದು ಎರಡು ಸಲ ಎದ್ದು ನೋಡಿದೆ. ಹಾಕಿದ್ದೇನೆ. ಗೊಂಬೆಯ ಇನ್ನೊಂದು ಕಾಲಿನ ಶೂ ಹೊಲಿಯುವುದು ಬಾಕಿ, ಆದರೆ ಕೈ ಮತ್ತೆ ಫೋನಿನ ಕಡೆಗೇ ಹೋಗುತ್ತಿದೆ.