ಹೊಳೆದಂಡೆಯ ಅತ್ತಿಹಣ್ಣು

ಶಕ್ತಿನಗರ, ಜೂನ್ ೧೯೮೪

ಯವ್ವಾ, ನಿನ್ನ ಪಾದಕ್ಕೆ ಶರಣು. ನನ್ನ ಕೆಮ್ಮು ನಿಂತಿದೆ, ಚಿಂತೆ ಬೇಡ. ಪಕ್ಕದ ತಗಡಿನ ಮನೆಯಲ್ಲಿ ಯಾದಮ್ಮ ಎಂಬ ತೆಲುಗು ಹೆಂಗಸು ಇದ್ದಾಳೆ, ಬಸುರಿ. ಅವಳಿಗೆ ಕನ್ನಡ ಬಾರದು, ನನಗೆ ತೆಲುಗು ಬಾರದು. ಹೀಗಾಗಿ ಇಷ್ಟು ದಿನ ಬರೀ ಮುಖ ನೋಡಿ ನಗುತ್ತಿದ್ದೆವು.

ನಿನ್ನೆ ಹೊಳೆಗೆ ಬಟ್ಟೆ ಒಗೆಯಲು ಹೋದಾಗ ಅವಳು ಒಂದು ಮರದ ಬೊಡ್ಡೆಗೆ ಜೋತಿದ್ದ ಕಾಯಿ ಕಿತ್ತು ಬಾಯಿಗಿಡಲು ಹೋದಳು. ಎಲೆ ಮುಟ್ಟಿ ನೋಡಿದರೆ ಬೆಕ್ಕಿನ ನಾಲಿಗೆಯಂತೆ ಗರಗರ.

“ಬ್ಯಾಡ ಬೇ, ಅದು ಗರಗತ್ತಿ, ವಾಂತಿ ಆಗ್ತದ!” ಎಂದು ಕೈ ಹಿಡಿದೆ. ಅವಳಿಗೆ ತಿಳಿಯಲಿಲ್ಲ, ಕಣ್ಣಲ್ಲಿ ನೀರು ಬಂತು. ಹಿಡಿದ ಕೈ ಬಿಡದೆ ದಂಡೆಗುಂಟ ಹುಡುಕಿದೆ. ನುಣ್ಣನೆ ಎಲೆಯ, ಕೆಂಪು ಹಣ್ಣಿನ ಗೊಂಚಲಿನ ಮರ ಸಿಕ್ಕಿತು.

“ಅತ್ತಿ!” ಎಂದು ಕೂಗಿದೆ. ಅವಳು ಗಡಬಡಿಸಿ ತಲೆ ತುಂಬ ಸೆರಗೆಳೆದುಕೊಂಡು ಹಿಂದೆ ನೋಡಿದಳು. ಅವರಲ್ಲಿ ಅತ್ತೆಗೆ ‘ಅತ್ತ’ ಎನ್ನುತ್ತಾರಂತೆ! ಹಣ್ಣು ತೋರಿಸಿದಾಗ, “ಮೇಡಿ ಪಂಡು!” ಎಂದು ಹೊಟ್ಟೆ ಹಿಡಿದು ನಕ್ಕಳು. ಒಡೆದು, ಹುಳ ಊದಿ ಕೊಟ್ಟೆ. ಇಬ್ಬರೂ ತಿಂದೆವು.

ಹೆರಿಗೆಗೆ ನಾನೇ ಜೊತೆಗಿರಬೇಕೆಂದು ಕೈಸನ್ನೆಯಲ್ಲೇ ಕೇಳಿದಳು. ಹೂಂ ಅಂದಿದ್ದೇನೆ. ಈ ವರ್ಷ ಪಂಚಮಿಗೆ ಕರೆಯಲು ಅಣ್ಣನನ್ನು ಕಳಿಸಬೇಡ.

ನಿನ್ನ ಶೇಖಮ್ಮ